ಖೋಟಾ ಬೀಜ, ಕಲಬೆರಕೆ ಗೊಬ್ಬರ ಮತ್ತು ಸರಕಾರದ ತನಿಖೆ

ಖೋಟಾ ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು, ಅದರ ನಾದವನ್ನು ಕೇಳಿ, ಕೊಟ್ಟವನಿಗೇ ಹಿಂದಿರುಗಿಸುವ ಪದ್ಧತಿಯು ನಮ್ಮ ಸಂತೆಗಳಲ್ಲಿ ಬಹುಕಾಲ ನಡೆದುಬಂದಿದ್ದಿತು. ಖೋಟಾ ಬೀಜವನ್ನು ಹೀಗೆ ಹಿಂದಿರುಗಿಸುವುದಕ್ಕಾಗುವುದಿಲ್ಲ. ಅದು ಹದವಾದ ಭೂಮಿಯನ್ನು ಸೇರಿ, ಮೊಳೆತು, ಎರಡು ಮೂರು ತಿಂಗಳು ಬೆಳೆದು, ತೆನೆಯಾಗಲಿ ಕಾಯಾಗಲಿ ಕಾಣಿಸಿಕೊಳ್ಳಬೇಕಾದ ಕಾಲದಲ್ಲಿ ಮಾತ್ರವೇ ತನ್ನ ನಿಜಸ್ವರೂಪವನ್ನು ತೋರಿಸುತ್ತದೆ. ಅಷ್ಟರಲ್ಲಿ ಬಿತ್ತನೆಯ ಮಳೆಗಳು ಕಳೆದುಹೋಗಿರುತ್ತವೆ. ಚೀಲವು ಒಲೆಗೆ ಬಿದ್ದಿರುತ್ತದೆ. ಮಾರಿದವನು ಊರನ್ನೇ ಬಿಟ್ಟಿರುತ್ತಾನೆ. ಆದುದರಿಂದ ಸರಕಾರದವರು ನಡೆಯಿಸುವ ತನಿಖೆ, ಜಪ್ತಿ, ಮೊಕದ್ದಮೆಗಳು ಫಲಕಾರಿಯಾಗುವುದೂ ವ್ಯರ್ಥವಾಗುವುದೂ ಬಿತ್ತನೆಯ ದಿನ ರೈತನ ಮನೆಯಲ್ಲಿ ಏನು ಉಳಿಯಿತೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಪಟೇಲ ಶಾನುಭೋಗರ ಹುದ್ದೆಗಳು 1961ನೆಯ ಇಸವಿಯ ಕಾಯಿದೆಯಿಂದ ರದ್ದಾದುವು. ಹಿರಿಯರ ಜಗಲಿಗೆ ಬಂದು ಕಷ್ಟವನ್ನು ಹೇಳಿಕೊಳ್ಳುವ ರೂಢಿಯು ರದ್ದಾಗಲಿಲ್ಲ. ಅದರಿಂದಲೇ ಈ ವಿಷಯವನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಅರಿಕೆಮಾಡಿದೆ.

ಮೋಸವು ಹೇಗೆ ನಡೆಯುತ್ತದೆಂಬುದನ್ನು ಮೊದಲು ತಿಳಿಯುವುದು ಯುಕ್ತ. ಕೋಳಿಯ ಆಹಾರಕ್ಕೆಂದು ಮಂಡಿಯಲ್ಲಿ ಮಾರಾಟವಾಗುವ ಮುಸುಕಿನ ಜೋಳವನ್ನು ಕೊಂಡು, ಅದಕ್ಕೆ ನಸುಗೆಂಪು ಬಣ್ಣವನ್ನು ಹಚ್ಚಿ, ಹೆಸರುವಾಸಿಯಾದ ಕಂಪೆನಿಯ ಪೊಟ್ಟಣವನ್ನು ಹೋಲುವ ಪೊಟ್ಟಣದಲ್ಲಿ ತುಂಬಿ ಹೊಲಿಯುವುದು ಒಂದು ಕ್ರಮ. ಔಷಧಿ ಲೇಪಿಸಿದ ಬೀಜವನ್ನು ಯಾರೂ ಅರಿಯದೆ ತಿನ್ನದಿರಲೆಂದು ನಿಜವಾದ ಬೀಜಕ್ಕೆ ಬಣ್ಣ ಕೊಡುತ್ತಾರೆ. ಎಚ್ಚರಿಕೆಗಾಗಿ ಕೊಟ್ಟ ಬಣ್ಣವೇ ವಂಚಕನಿಗೆ ವೇಷವಾಯಿತು. ಹೈಬ್ರಿಡ್ ಬೆಳೆಯಿಂದ ಬಂದ ಕಾಳನ್ನು ಮರಳಿ ಬಿತ್ತಿದರೆ ಅದು ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಎರಡನೆಯ ತಲೆಮಾರಿನಲ್ಲಿ ಗುಣಗಳು ಚದರಿಹೋಗಿ, ಒಂದು ಗಿಡ ಎತ್ತರವೂ ಮತ್ತೊಂದು ಗಿಡ್ಡವೂ ಆಗಿ, ತೆನೆಗಳು ಸಮನಾಗಿ ಬಾರದೆ, ಇಳುವರಿಯು ಕುಗ್ಗುತ್ತದೆ. ಆದಕಾರಣ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆಯನ್ನು ಎಣಿಸುವ ಮನೆಯ ಪರೀಕ್ಷೆಯು ಇಲ್ಲಿ ಸಾಲದು. ಪ್ರಮಾಣಿತ ಬೀಜದಲ್ಲಿ ಭತ್ತಕ್ಕೆ 80, ರಾಗಿಗೆ 75, ಹೈಬ್ರಿಡ್ ಮುಸುಕಿನ ಜೋಳಕ್ಕೆ 90, ನೆಲಗಡಲೆಗೆ 70 ಮೊಳಕೆಯಾದರೂ ನೂರಕ್ಕೆ ಬರಬೇಕೆಂಬ ನಿಯಮವುಂಟು. ಈ ಲೆಕ್ಕವು ಸತ್ತ ಬೀಜವನ್ನು ತೋರಿಸಿಕೊಡುವುದೇ ಹೊರತು ಸುಳ್ಳು ಬೀಜವನ್ನಲ್ಲ.

ಈ ಕುಯುಕ್ತಿಯು ನಮ್ಮ ದೇಶದಲ್ಲಿಯೇ ಹುಟ್ಟಿದುದಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಬೀಜದ ವರ್ತಕರಲ್ಲಿ ಕೆಲವರು ಅಗ್ಗದ ಬೀಜವನ್ನು ಬಿಸಿಯಿಂದ ಕೊಂದು, ಬೆಲೆಬಾಳುವ ಬೀಜದೊಡನೆ ಬೆರೆಸುತ್ತಿದ್ದರು. ಕೊಲ್ಲುವುದೇತಕ್ಕೆಂದರೆ, ಜೀವವಿದ್ದ ಕಳ್ಳಬೀಜವು ಮೊಳೆತು ಸಾಕ್ಷಿ ಹೇಳಿಬಿಡುತ್ತದೆ. ಸತ್ತ ಬೀಜವು ಬಾಯಿ ಬಿಡುವುದಿಲ್ಲ! ಬೀಜವನ್ನು ಕೊಲ್ಲುವುದನ್ನೂ ಬಣ್ಣ ಹಾಕುವುದನ್ನೂ ನಿಷೇಧಿಸಿ 1869ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯಿದೆಯನ್ನು ಮಾಡಬೇಕಾಯಿತು.

ನಮ್ಮಲ್ಲಿ ಬೀಜದ ಕಾಯಿದೆಯು 1966ನೆಯ ಇಸವಿಯದು. ಇದರ ಶಿಕ್ಷೆಯ ಪ್ರಕರಣವನ್ನು ಓದಿದವರಿಗೆ ಆಶ್ಚರ್ಯವಾಗದೆ ಇರದು. ಮೊದಲನೆಯ ಸಲದ ಅಪರಾಧಕ್ಕೆ 500 ರೂಪಾಯಿಗಳವರೆಗೆ ಜುಲ್ಮಾನೆ. ಮತ್ತೆ ಮಾಡಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 1000 ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ. 1966ರಲ್ಲಿ 500 ರೂಪಾಯಿ ದೊಡ್ಡ ಮೊತ್ತವೇ ಸರಿ. ಆದರೆ 2025-26ನೆಯ ಸಾಲಿನಲ್ಲಿ 475 ಗ್ರಾಂ ಬಿ.ಟಿ. ಹತ್ತಿಯ ಎರಡನೆಯ ಬಗೆಯ ಬೀಜದ ಒಂದು ಪೊಟ್ಟಣಕ್ಕೆ ಕೇಂದ್ರ ಸರಕಾರದವರು ಗೊತ್ತುಮಾಡಿದ ಗರಿಷ್ಠ ಬೆಲೆಯೇ 901 ರೂಪಾಯಿ. ಒಂದು ಪೊಟ್ಟಣದ ಬೆಲೆಗಿಂತಲೂ ಕಡಮೆಯಾದ ದಂಡವು ಯಾವ ವಂಚಕನನ್ನು ತಡೆದೀತು? ಈ ಕೊರತೆಯನ್ನು ಮನಗಂಡು ಅಧಿಕಾರಿಗಳು 1983ರ ಬೀಜ ನಿಯಂತ್ರಣಾಜ್ಞೆಯನ್ನು ಹಿಡಿಯುತ್ತಾರೆ. ಇದು 1955ರ ಅವಶ್ಯಕ ವಸ್ತುಗಳ ಕಾಯಿದೆಯ ಅಧೀನದಲ್ಲಿ ಹೊರಟುದು; ಈ ಕಾಯಿದೆಯಲ್ಲಿ ಏಳು ವರ್ಷಗಳವರೆಗೂ ಸೆರೆಯುಂಟು. ಹಳೆಯ ಬೀಜದ ಕಾಯಿದೆಗೆ ಬದಲಾಗಿ ಹೊಸದೊಂದರ ಕರಡನ್ನು ಕೇಂದ್ರ ಸರಕಾರದವರು 2025ರ ನವೆಂಬರಿನಲ್ಲಿ ಪ್ರಕಟಿಸಿದರು.

ಕಾಯಿದೆಯ ದಂಡವು ಅಲ್ಪವಾದರೂ ತನಿಖೆಯ ಅಧಿಕಾರವು ಅಲ್ಪವಲ್ಲ. ಬೀಜದ ಇನ್‌ಸ್ಪೆಕ್ಟರು ಅಂಗಡಿಯಿಂದ ಮಾತ್ರವಲ್ಲದೆ, ಸಾಗಿಸುವವನಿಂದಲೂ, ಕೊಂಡುಕೊಂಡ ರೈತನಿಂದಲೂ ಮಾದರಿಯನ್ನು ತೆಗೆಯಬಹುದು. ಈ ಕೊನೆಯ ಮಾತನ್ನು ಅನೇಕರು ಅರಿಯರು. ರೈತನ ಮನೆಯಲ್ಲಿ ಹೊಲಿಗೆ ಬಿಚ್ಚದ ಒಂದು ಪೊಟ್ಟಣವಿದ್ದರೆ ಸಾಕು, ಬೆಳೆಯು ಕೆಟ್ಟ ಮೇಲೆಯೂ ಪರೀಕ್ಷೆಗೆ ಆಧಾರವುಂಟು. ತೆಗೆದ ಮಾದರಿಯನ್ನು ಮೂರು ಪಾಲು ಮಾಡಿ ಮೊಹರು ಹಾಕಿ, ಒಂದನ್ನು ಯಾರಿಂದ ತೆಗೆದರೋ ಅವರಿಗೆ ಕೊಟ್ಟು, ಒಂದನ್ನು ಪರೀಕ್ಷಕರಿಗೆ ಕಳುಹಿಸಿ, ಉಳಿದುದನ್ನು ಇನ್‌ಸ್ಪೆಕ್ಟರು ಇಟ್ಟುಕೊಳ್ಳುತ್ತಾರೆ. ಆ ವೇಳೆಯಲ್ಲಿ ಸಾಧ್ಯವಾದಮಟ್ಟಿಗೆ ಇಬ್ಬರಿಗೆ ಕಡಮೆಯಿಲ್ಲದಂತೆ ಸಾಕ್ಷಿಗಳನ್ನು ಕರೆದು ಅವರ ರುಜುವನ್ನು ಪಡೆಯಬೇಕೆಂದು ಕಾಯಿದೆಯು ಹೇಳುತ್ತದೆ. ಇಂತಹ ಮಹಜರಿಗೆ ರುಜು ಹಾಕಲು ಗ್ರಾಮದಲ್ಲಿ ಜನರು ಹಿಂಜರಿಯುವರು. ಅಂಗಡಿಯವನು ಸಾಲ ಕೊಟ್ಟವನೂ ಆಗಿರುತ್ತಾನಲ್ಲವೆ! ಮುಖಂಡರು ತಾವೇ ಮುಂದೆ ಬಂದು ನಿಂತು, ಲಾಟ್ ನಂಬರನ್ನೂ ಮೊಹರನ್ನೂ ಕಣ್ಣಾರೆ ನೋಡಿ ರುಜು ಮಾಡಿದರೆ, ಬಡ ಹಿಡುವಳಿದಾರನಿಗೆ ಎಷ್ಟೋ ಧೈರ್ಯ ಬರುವುದು.

ಕೊಳ್ಳುವಾಗಲೇ ನೋಡಬೇಕಾದ ಗುರುತುಗಳೂ ಉಂಟು. ಪ್ರಮಾಣಿತ ಬೀಜದ ಚೀಟಿಯು ನೀಲಿ, ಮೂಲಬೀಜದ್ದು ಬಿಳಿ, ಮಾರುವವನು ತನ್ನ ಹೊಣೆಯ ಮೇಲೆಯೇ ಗುಣವನ್ನು ಬರೆದುಕೊಟ್ಟ ಬೀಜದ್ದು ಹಸುರು. ನೀಲಿ ಚೀಟಿಯನ್ನೂ ಅಚ್ಚು ಹಾಕಿಸಬಲ್ಲವನಿರುತ್ತಾನೆ. ಆದುದರಿಂದ ಚೀಟಿಗಿಂತಲೂ ರಸೀದಿಯು ಮುಖ್ಯ. ಲೈಸೆನ್ಸುಳ್ಳ ವರ್ತಕನು ರಸೀದಿಯನ್ನು ಕೊಡಲೇಬೇಕು. ಅದರಲ್ಲಿ ತಳಿಯ ಹೆಸರೂ ಲಾಟ್ ನಂಬರೂ ಬರೆದಿವೆಯೆ, ಚೀಲದ ಮೇಲಿನದಕ್ಕೆ ಅವು ಸರಿಹೊಂದುತ್ತವೆಯೆ ಎಂದು ಅಂಗಡಿಯಲ್ಲಿಯೇ ತಾಳೆ ನೋಡತಕ್ಕದ್ದು. ಚೀಲ ಕಟ್ಟದೆ ಬಿಡಿಯಾಗಿ ಅಳೆದು ಕೊಡುವ ‘ಕಂಪೆನಿ ಬೀಜ’ವನ್ನು ಯಾವ ಬೆಲೆಗೂ ಕೊಳ್ಳಕೂಡದು.

ಗೊಬ್ಬರದ ವಿಷಯದಲ್ಲಿ ರೈತನ ಕೈಯಲ್ಲಿ ಹೆಚ್ಚು ಉಪಾಯಗಳಿವೆ. 1985ರ ರಸಗೊಬ್ಬರ ನಿಯಂತ್ರಣಾಜ್ಞೆಯಂತೆ ಡಿ.ಎ.ಪಿ.ಯಲ್ಲಿ ನೂರಕ್ಕೆ 18 ಪಾಲು ಸಾರಜನಕವೂ 46 ಪಾಲು ರಂಜಕಾಂಶವೂ ಇರಬೇಕು. 2025ರಲ್ಲಿ ಇದರ 50 ಕಿಲೋ ಚೀಲದ ಬೆಲೆಯು 1350 ರೂಪಾಯಿಯಾಗಿದ್ದಿತು. ಬೆಲೆ ಹೆಚ್ಚಿದ ಗೊಬ್ಬರದ ಮೇಲೆಯೇ ಕಳ್ಳನ ಕಣ್ಣು. ಜಿಪ್ಸಮ್ಮಿನ ಕಾಳಾಗಲಿ, 16 ಪಾಲು ರಂಜಕಾಂಶದ ಸೂಪರ್ ಫಾಸ್ಫೇಟಿನ ಕಾಳಾಗಲಿ ಬಣ್ಣ ಬಳಿದುಕೊಂಡು ಆ ಚೀಲವನ್ನು ಸೇರುತ್ತದೆ. ಕೆಲವು ಕಾಳುಗಳನ್ನು ಹೊಗೆಸೊಪ್ಪಿನಂತೆ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದರೆ, ನಿಜವಾದ ಡಿ.ಎ.ಪಿ.ಯಿಂದ ಮೂಗಿಗೆ ತಡೆಯಲಾರದ ಘಾಟು ಹೊರಡುತ್ತದೆ. ಕಾದ ಹೆಂಚಿನ ಮೇಲೆ ಹಾಕಿದರೆ ಕಾಳು ಉಬ್ಬುತ್ತದೆ. ಯೂರಿಯಾವಾದರೋ ನೀರಿನಲ್ಲಿ ಪೂರ್ಣವಾಗಿ ಕರಗಿ ನೀರನ್ನು ತಂಪುಮಾಡುತ್ತದೆ. ಹೆಂಚಿನ ಮೇಲೆ ಕರಗಿ ಏನೂ ಉಳಿಯದಂತೆ ಹೋಗುತ್ತದೆ. ಸತುವಿನ ಸಲ್ಫೇಟೆಂದು ಮೆಗ್ನೀಷಿಯಂ ಸಲ್ಫೇಟನ್ನು ಕೊಡುವುದು ಮತ್ತೊಂದು ಮೋಸ. ನೋಟಕ್ಕೆ ಎರಡೂ ಒಂದೇ. ಡಿ.ಎ.ಪಿ.ಯ ತಿಳಿನೀರಿಗೆ ಇದರ ನೀರನ್ನು ಸುರಿದರೆ ಸತುವಾದಲ್ಲಿ ಗಟ್ಟಿಯಾದ ಗಸಿಯು ಕಟ್ಟುತ್ತದೆ, ಮೆಗ್ನೀಷಿಯಂ ಆದಲ್ಲಿ ಕಟ್ಟದು. ಈ ಪರೀಕ್ಷೆಗಳು ಸಂದೇಹವನ್ನು ಹುಟ್ಟಿಸತಕ್ಕವೇ ಹೊರತು ತೀರ್ಪು ಕೊಡತಕ್ಕವಲ್ಲ. ಅರ್ಧ ಬೆರಕೆಯಾದ ಚೀಲವೂ ಘಾಟು ಕೊಡುವುದರಿಂದ, ಸಂದೇಹ ಬಂದೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಬೇಕು.

ರಿಯಾಯಿತಿಯ ಗೊಬ್ಬರವು ಅಂಗಡಿಯ ಯಂತ್ರದಲ್ಲಿ ಕೊಳ್ಳುವವರ ಗುರುತನ್ನು ದಾಖಲುಮಾಡಿ ಮಾರತಕ್ಕದ್ದು. ರಾತ್ರಿ ಲಾರಿಯಲ್ಲಿ ಬಂದು, ಗುರುತನ್ನೂ ಕೇಳದೆ, ರಸೀದಿಯನ್ನೂ ಕೊಡದೆ, ಚೀಲಕ್ಕೆ ನೂರಿನ್ನೂರು ಕಡಮೆಗೆ ಇಳಿಸಿಹೋಗುವವನು ಪರೋಪಕಾರಿಯಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಖೋಟಾ ಗೊಬ್ಬರದ ಮೇಲೆ ಒಡನೆ ಕ್ರಮ ಜರುಗಿಸಬೇಕೆಂದು ಕೇಂದ್ರ ಕೃಷಿ ಮಂತ್ರಿಗಳು 2025ರ ಜುಲೈನಲ್ಲಿ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೂ ಪತ್ರ ಬರೆದಿದ್ದರು. ಮೇಲಿನಿಂದ ಎಷ್ಟು ಪತ್ರಗಳು ಬಂದರೂ, ಆ ಲಾರಿಯ ನಂಬರನ್ನು ಬರೆದುಕೊಳ್ಳುವವನು ಗ್ರಾಮದವನೇ ಆಗಿರಬೇಕು.

ಕೀಟನಾಶಕದ ಖೋಟಾ ಇನ್ನೂ ಭಯಂಕರವಾದುದು; ಇದರಲ್ಲಿ ಬೆಳೆಯೊಡನೆ ಪ್ರಾಣವೂ ಹೋಗಬಹುದು. 1958ರಲ್ಲಿ ಪ್ಯಾರಾಥಿಯಾನ್ ಎಂಬ ವಿಷವು ಸಾಗಣೆಯಲ್ಲಿ ಸೋರಿ ಆಹಾರವಸ್ತುಗಳನ್ನು ಸೇರಿ ಕೇರಳದಲ್ಲಿ ನೂರಕ್ಕೂ ಮೇಲ್ಪಟ್ಟು ಜನರು ಸತ್ತರು. ಆ ದುರಂತದ ತರುವಾಯ 1968ರಲ್ಲಿ ಕೀಟನಾಶಕಗಳ ಕಾಯಿದೆಯು ಬಂದಿತು. ಡಬ್ಬಿಯ ಮೇಲಿನ ಗುರುತಿನಲ್ಲಿ ಕೆಂಪು ಅತ್ಯುಗ್ರ ವಿಷಕ್ಕೆ, ಹಳದಿಯು ಅದಕ್ಕಿಂತ ಕಡಮೆಯದಕ್ಕೆ, ಅನಂತರ ನೀಲಿ, ಕೊನೆಗೆ ಹಸುರು. ವಿಷವೇರಿದವನನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ಕೇಳುವುದು ಆ ಡಬ್ಬಿಯನ್ನೇ. ಅದರ ಬರಹವೇ ಸುಳ್ಳಾದರೆ ಚಿಕಿತ್ಸೆಯು ದಾರಿ ತಪ್ಪುವುದು. ನಿಜವಾದ ಕಂಪೆನಿಯ ಬರಿದಾದ ಡಬ್ಬಿಗಳನ್ನು ಗುಜರಿಯವರಿಂದ ಕೊಂಡು ಅವುಗಳಲ್ಲಿಯೇ ನಕಲಿಯನ್ನು ತುಂಬುವುದುಂಟು. ಆದುದರಿಂದ ಬರಿದಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ತೊಟ್ಟಿಗೇ ಹಾಕಿ, ಡಬ್ಬಿಗೆ ತೂತು ಕೊರೆದು, ಬಾವಿ ಕೆರೆಗಳಿಗೆ ದೂರವಾಗಿ ಹೂಳಿಸಬೇಕು.

ಮಲೆನಾಡಿನ ಅಡಿಕೆಯ ಬೆಳೆಗಾರರಿಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ಡಾಕ್ಟರ್ ಕೋಲ್ಮನ್ನರು ಬಳಕೆಗೆ ತಂದು ಶತಮಾನವೇ ಕಳೆಯಿತು. ಅದರ ಬಲವೆಲ್ಲವೂ ಮೈಲುತುತ್ತದಲ್ಲಿದೆ. ಇದಕ್ಕೆ ಅನ್ನಭೇದಿಯು ಬೆರೆತಿದೆಯೆಂದು ಸಂಶಯವಾದರೆ, ಒಂದು ಚೂರನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ದ್ರವವನ್ನು ಧಾರಾಳವಾಗಿ ಹಾಕಿ ನೋಡಬಹುದು. ಶುದ್ಧವಾದುದು ಕಡುನೀಲಿಯಾಗಿ ತಿಳಿಯಾಗುತ್ತದೆ. ಕಬ್ಬಿಣವಿದ್ದರೆ ತಳದಲ್ಲಿ ಕಂದುಬಣ್ಣದ ಬಗ್ಗಡವು ನಿಲ್ಲುತ್ತದೆ.

ಸರಕಾರವು ವಂಚಕನನ್ನು ಶಿಕ್ಷಿಸಿದರೂ ರೈತನ ನಷ್ಟವು ತಾನಾಗಿ ತುಂಬುವುದಿಲ್ಲ. ಪರಿಹಾರಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ನಷ್ಟವುಂಟಾದ ಎರಡು ವರ್ಷಗಳೊಳಗಾಗಿ, ದೂರು ಕೊಡತಕ್ಕದ್ದು. ರೈತನು ಗ್ರಾಹಕನೇ ಅಲ್ಲವೆಂದೂ, ಬೀಜದ ಮಾದರಿಯನ್ನು ಉಳಿಸಿಡಲಿಲ್ಲವೆಂದೂ ಹೇಳಿ ಮಾರಾಟಗಾರರು ಹಿಂದೆ ಪಾರಾಗುತ್ತಿದ್ದರು. ಆಂಧ್ರದ ರೈತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರು 2012ರ ಜನವರಿಯಲ್ಲಿ ಈ ಎರಡು ವಾದಗಳನ್ನೂ ತಳ್ಳಿಹಾಕಿ, ಕೊಂಡ ಬೀಜವನ್ನೆಲ್ಲ ಬಿತ್ತುವುದೇ ರೈತನಿಗೆ ಸಹಜವೆಂದು ಅಭಿಪ್ರಾಯಪಟ್ಟರು. ಹಾಗೆಂದು ಮಾದರಿಯನ್ನು ಉಳಿಸದಿರುವುದು ಬುದ್ಧಿವಂತಿಕೆಯಲ್ಲ. ಕೆಟ್ಟ ಬೆಳೆಯನ್ನು, ವಿಜ್ಞಾನಿಗಳೂ ಅಧಿಕಾರಿಗಳೂ ಬಂದು ಹೊಲದಲ್ಲಿಯೇ ನೋಡಿ ವರದಿ ಬರೆಯುವವರೆಗೆ, ಉತ್ತುಹಾಕಲೂ ಕೂಡದು. ಮುಂದಿನ ಬಿತ್ತನೆಗೆ ಹದ ತಪ್ಪುವುದೆಂಬ ಆತುರವು ಸಹಜವೇ; ಆದರೆ ಉತ್ತ ಹೊಲವು ಯಾವ ಆಯೋಗಕ್ಕೂ ಸಾಕ್ಷಿಯಾಗದು. ಅಧಿಕಾರಿಗಳು ಬೇಗ ಬರುವಂತೆ ಒತ್ತಾಯಿಸುವುದು ಮುಖಂಡರ ಕೆಲಸ.

ತನಿಖೆಯ ಸುದ್ದಿಯನ್ನು ಕೇಳಿ ಕೆಲವು ಕಡೆ ರೈತರು ತಮ್ಮ ಕಣಜದ ಬೀಜವನ್ನು ನೆರೆಯವನಿಗೆ ಕೊಡಲೂ ಅಂಜುವರು. ಈ ಅಂಜಿಕೆಗೆ ಕಾರಣವಿಲ್ಲ. ತಾನು ಬೆಳೆದ ಬೀಜವನ್ನು ತನ್ನ ಸ್ಥಳದಲ್ಲಿಯೇ ಬಿತ್ತುವವನಿಗೆ ನೇರವಾಗಿ ಮಾರಿದವನಿಗೆ 1966ರ ಕಾಯಿದೆಯು ಅನ್ವಯಿಸುವುದಿಲ್ಲ. 2001ರ ಸಸ್ಯತಳಿಗಳ ಹಾಗೂ ರೈತರ ಹಕ್ಕುಗಳ ಕಾಯಿದೆಯೂ, ಕಂಪೆನಿಗೆ ಸೇರಿದ ತಳಿಯಾಗಿದ್ದರೂ, ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ಹಂಚಲು, ಮಾರಲು ರೈತನಿಗೆ ಹಕ್ಕನ್ನು ಕೊಟ್ಟಿದೆ. ಹೆಸರನ್ನೂ ಗುರುತನ್ನೂ ಅಚ್ಚು ಹಾಕಿ ಪೊಟ್ಟಣ ಕಟ್ಟಿ ಮಾರುವವನಿಗೆ ಮಾತ್ರ ಈ ರಿಯಾಯಿತಿಯಿಲ್ಲ.