ಕಲ್ಚರ್ ಪರೀಕ್ಷೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಬಹುಪಾಲು ನಿರುಪದ್ರವಿಗಳು. ಆ ಗುಂಪಿನಿಂದ ಕಾಯಿಲೆ ತಂದದ್ದನ್ನು ಬೇರ್ಪಡಿಸುವುದೇ ಕಲ್ಚರ್ ಪರೀಕ್ಷೆ. ಅದರ ಬಗ್ಗೆ ಇರುವ ಕೆಲವು ತಪ್ಪು ತಿಳಿವಳಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕು, ರೋಗಾಣು ಯಾವುದೆಂದು ಗೊತ್ತಾಗುತ್ತದೆ.

ವಾಸ್ತವ: ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ, ಕರುಳಿನ ಕಾಯಂ ನಿವಾಸಿ ಇ. ಕೊಲೈ ಎರಡೂ ಗ್ರಾಂ ಎಂಬ ವಿಧಾನದಲ್ಲಿ ಬಣ್ಣ ಹಾಕಿದಾಗ ಒಂದೇ ಬಗೆಯ ಕೆಂಪು ಕಡ್ಡಿಗಳು. ಬೆಳೆಸಿ ನೋಡದೆ ಗುರುತು ಸಿಗದು.

ತಪ್ಪು ಕಲ್ಪನೆ: ಪೋಷಕಾಂಶ ಹೆಚ್ಚಿದಷ್ಟೂ ರೋಗಾಣು ಸುಲಭವಾಗಿ ಸಿಗುತ್ತದೆ.

ವಾಸ್ತವ: ಗೊಬ್ಬರ ಸುರಿದರೆ ಬೆಳೆಗಿಂತ ಮೊದಲು ಕಳೆ ಹುಲುಸಾಗುತ್ತದೆ. ಹಾಗಾಗಿ ಬೇಡದವನ್ನು ತಡೆಯುವುದೇ ಇಲ್ಲಿನ ಮುಖ್ಯ ಉಪಾಯ. ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವಾದ ಮೆಕಾಂಕಿ ಅಗರ್‌ನಲ್ಲಿರುವ ಪಿತ್ತ ಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಗ್ರಾಂ ಪಾಸಿಟಿವ್ ಎಂಬ ಬೇರೆ ಬಗೆಯ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಅದರಲ್ಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಬಳಸಿ ಆಮ್ಲ ಬಿಡುವ ಇ. ಕೊಲೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಲ್ಯಾಕ್ಟೋಸ್ ಬಳಸದ ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಉಳಿಯುತ್ತದೆ. ಕಾಲರಾ ಶಂಕೆಯಿದ್ದರೆ ಮಾದರಿಯನ್ನು ಮೊದಲು 6ರಿಂದ 8 ಗಂಟೆ ಕ್ಷಾರೀಯ ಪೆಪ್ಟೋನ್ ನೀರಿನಲ್ಲಿಡುತ್ತಾರೆ. ಆ ಕ್ಷಾರದಲ್ಲಿ ಉಳಿದವು ಹಿಂದೆ ಬೀಳುತ್ತವೆ, ಕಾಲರಾ ಬ್ಯಾಕ್ಟೀರಿಯಾ ಮುಂದೆ ಓಡುತ್ತದೆ. ನಂತರ ಟಿಸಿಬಿಎಸ್ ಎಂಬ ಇನ್ನೊಂದು ಅಗರ್ ಮೇಲೆ ಅದು ಹಳದಿ ಕಾಲೊನಿಯಾಗಿ, ಅಂದರೆ ಕಣ್ಣಿಗೆ ಕಾಣುವ ಗುಂಪಾಗಿ, ಮೂಡುತ್ತದೆ.

ತಪ್ಪು ಕಲ್ಪನೆ: ರಿಪೋರ್ಟ್ ತಡವಾದರೆ ಅದು ಲ್ಯಾಬ್‌ನವರ ಸೋಮಾರಿತನ.

ವಾಸ್ತವ: ತಟ್ಟೆಯ ಮೇಲೆ ಕಾಲೊನಿ ಮೂಡಲು 18ರಿಂದ 24 ಗಂಟೆ ಬೇಕು. ಶಂಕಿತ ಕಾಲೊನಿಯನ್ನು ಹೆಕ್ಕಿ, ಇನ್ನೊಂದು ತಟ್ಟೆಯಲ್ಲಿ ಗೆರೆ ಎಳೆದು ಶುದ್ಧವಾಗಿ ಬೆಳೆಸಿದ ಮೇಲಷ್ಟೇ ಗುರುತು ಪತ್ತೆ ಮತ್ತು ಯಾವ ಔಷಧ ಕೆಲಸ ಮಾಡುತ್ತದೆಂಬ ಪರೀಕ್ಷೆ. ಕ್ಷಯದ್ದು ಇನ್ನೂ ನಿಧಾನ. ಕಫಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಬಾಯಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಾರೆ. ಮೇಣದಂಥ ಹೊದಿಕೆಯ ಕ್ಷಯಾಣುಗಳಲ್ಲಿ ಸಾಕಷ್ಟು ಉಳಿದುಕೊಳ್ಳುತ್ತವೆ. ಅವು ಇಬ್ಭಾಗವಾಗಲು 15ರಿಂದ 20 ಗಂಟೆ ಹಿಡಿಯುವುದರಿಂದ ಘನ ಮಾಧ್ಯಮದಲ್ಲಿ 8 ವಾರ ಕಾದೇ 'ಇಲ್ಲ' ಎನ್ನುತ್ತಾರೆ.

ತಪ್ಪು ಕಲ್ಪನೆ: ಏನೂ ಬೆಳೆಯಲಿಲ್ಲವೆಂದರೆ ಸೋಂಕೇ ಇಲ್ಲ.

ವಾಸ್ತವ: ಮೊದಲೇ ನುಂಗಿದ ಆಂಟಿಬಯೋಟಿಕ್ ರೋಗಾಣುವಿನ ಬೆಳವಣಿಗೆಯನ್ನು ತಡೆದಿರಬಹುದು. ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್‌ಗೆ 42 ಡಿಗ್ರಿ ಸೆಲ್ಸಿಯಸ್ ಶಾಖ, ಕಡಿಮೆ ಆಮ್ಲಜನಕ ಬೇಕು. ಸಾಮಾನ್ಯ ವಿಧಾನದಲ್ಲಿ ಅದು ಸಿಗುವುದಿಲ್ಲ.

ಹಾಗಾಗಿ ವೈದ್ಯರು ಕಲ್ಚರ್ ಬರೆದುಕೊಟ್ಟರೆ, ಆದಷ್ಟೂ ಮೊದಲ ಮಾತ್ರೆಗೆ ಮುಂಚೆಯೇ ಮಾದರಿ ಕೊಡಿ. ಈಗಾಗಲೇ ಔಷಧ ತೆಗೆದುಕೊಂಡಿದ್ದರೆ ಅದನ್ನು ಲ್ಯಾಬ್‌ನವರಿಗೆ ಮರೆಯದೆ ತಿಳಿಸಿ.