ಕಾರು ಬಿಡಿ, ಜೀವ ಉಳಿಸಿಕೊಳ್ಳಿ

ಮೇ ತಿಂಗಳ ಸಂಜೆ ಬಿನ್ನಿಪೇಟೆಯಲ್ಲಿ ಗುಡುಗು ಸಹಿತ ಮಳೆ ಸುರಿಯತೊಡಗಿದರೆ ಎಲ್ಲರಿಗೂ ಮನೆ ಸೇರುವ ಅವಸರ. ಮಲ್ಲೇಶ್ವರದ ಕಡೆ ಹೊರಟವರು ಓಕಳಿಪುರದ ಬಳಿ ರೈಲು ಹಳಿಗಳ ಕೆಳಗೆ ಹಾದುಹೋಗಬೇಕು. ಇಂಥ ಕೆಳಸೇತುವೆಗಳ ರಸ್ತೆ ಬಾಣಲೆಯಂತೆ. ಸುತ್ತಲ ನೀರೆಲ್ಲ ಅದರ ನಡುವಿಗೇ ಹರಿದು ಬರುತ್ತದೆ. ಆಳ ಎಷ್ಟೆಂದು ಮೇಲಿನಿಂದ ನೋಡಿದರೆ ತಿಳಿಯದು. ಮುಂದಿನ ಬಸ್ಸು ದಾಟಿತಲ್ಲ ಎಂಬ ಧೈರ್ಯದಿಂದ ಚಾಲಕ ಗೇರು ಬದಲಿಸುತ್ತಾನೆ. ಬಸ್ಸಿನ ಎತ್ತರವೇ ಬೇರೆ, ಕಾರಿನ ಎತ್ತರವೇ ಬೇರೆ!

2023ರ ಮೇ 21, ಭಾನುವಾರ. ಇಲ್ಲಿಂದ ಕೆಲವೇ ಕಿಲೋಮೀಟರು ದೂರದ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಆಂಧ್ರ ಮೂಲದ ಕುಟುಂಬವೊಂದಿದ್ದ ಕಾರು ಮಳೆ ನೀರಿನಲ್ಲಿ ಸಿಕ್ಕಿಕೊಂಡಿತು. ಉಳಿದವರನ್ನು ಹೊರತೆಗೆಯಲಾಯಿತು, ಯುವತಿಯೊಬ್ಬರು ಬದುಕಲಿಲ್ಲ. ಅದು ಕಾಡೂ ಅಲ್ಲ, ಹೊಳೆಯೂ ಅಲ್ಲ. ವಿಧಾನಸೌಧದ ಹತ್ತಿರದ ರಸ್ತೆ.

ಹಿಮ ಬೀಳುವ ದೇಶಗಳಲ್ಲಿ ಕಾರು ಸಿಕ್ಕಿಕೊಂಡರೆ ಒಳಗೇ ಇರಿ, ಹೊಗೆ ಕೊಳವೆಯ ಸುತ್ತಲ ಹಿಮ ತೆಗೆಯಿರಿ, ಇಲ್ಲವಾದರೆ ವಿಷಾನಿಲ ಒಳಗೆ ತುಂಬುತ್ತದೆ ಎಂದು ಹೇಳಿಕೊಡುತ್ತಾರೆ. ನಮ್ಮಲ್ಲಿ ಪಾಠ ತಿರುಗುಮುರುಗು. ನೀರಿನಲ್ಲಿ ನಿಂತ ಕಾರಿನಿಂದ ಕೂಡಲೇ ಹೊರಬೀಳಬೇಕು.

ಕಾರಣ ಸರಳ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಒಂದು ಮೀಟರು ಅಗಲದ ಬಾಗಿಲಿನ ತಳದಿಂದ ನೀರು ಎರಡಡಿ ಏರಿದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 180 ಕಿಲೋ ಭಾರಕ್ಕೆ ಸಮ. ಒಳಗಿನಿಂದ ಎಷ್ಟು ದೂಡಿದರೂ ಬಾಗಿಲು ಜಗ್ಗದು.

ಹಾಗಾದರೆ ಏನು ಮಾಡಬೇಕು? ರಸ್ತೆ ಕಾಣದಷ್ಟು ನೀರಿದ್ದರೆ ಇಳಿಯಲೇಬೇಡಿ, ಹಿಂತಿರುಗಿ. ಇಳಿದ ಮೇಲೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡುತ್ತ ಹೊತ್ತು ಕಳೆಯಬೇಡಿ. ಎಂಜಿನ್ನಿನೊಳಕ್ಕೆ ನೀರು ಹೋಗಿ ಅದೂ ಕೆಡುತ್ತದೆ. ಮೊದಲು ಸೀಟ್ ಬೆಲ್ಟ್ ಬಿಚ್ಚಿ. ವಿದ್ಯುತ್ ಕೈಕೊಡುವ ಮೊದಲೇ ಕಿಟಕಿ ಇಳಿಸಿ. ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಕಿಟಕಿಯಿಂದಲೇ ಹೊರಬನ್ನಿ. ಫೋನು ಆಮೇಲೆ, ಹೊರಬಂದ ಮೇಲೆ 112ಕ್ಕೆ ಕರೆ ಮಾಡಿ.

ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಗಟ್ಟಿಯಾದ ಚೂಪು ವಸ್ತುವಿನಿಂದ ಹೊಡೆಯಿರಿ. ಸೀಟಿನ ತಲೆದಿಂಬನ್ನು ಕಿತ್ತು ತೆಗೆಯಲು ಬರುವಂತಿದ್ದರೆ ಅದರ ಉಕ್ಕಿನ ಸಲಾಕೆ ನೆರವಾದೀತು. ಮುಂದಿನ ಗಾಜಿನ ಮೇಲೆ ಶ್ರಮ ವ್ಯರ್ಥ; ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಬಿರುಕು ಬಿಟ್ಟರೂ ಬೇಗ ಬಿಟ್ಟುಕೊಡದು. ಹೊರಬಂದವರು ಗೋಡೆ ಅಥವಾ ಕಂಬಿ ಹಿಡಿದು ಎತ್ತರದ ಕಡೆ ಸಾಗಿ. ತೆರೆದ ಮ್ಯಾನ್‌ಹೋಲ್ ನೀರಿನಡಿ ಕಾಣದು.

ಸಾಲದ ಕಂತು ಇನ್ನೂ ತೀರದ ಕಾರನ್ನು ನೀರಿನಲ್ಲಿ ಬಿಟ್ಟು ಬರಲು ಯಾರಿಗೂ ಮನಸ್ಸಾಗದು. ಆ ಹಿಂಜರಿಕೆಯ ಎರಡು ನಿಮಿಷವೇ ಅಪಾಯ. ಈ ಭಾನುವಾರ ಮನೆಯ ಮುಂದೆ ಕಾರು ನಿಲ್ಲಿಸಿ ನೋಡಿ: ಹಿಂದಿನ ಸೀಟಿನ ಬೆಲ್ಟನ್ನು ನಿಮ್ಮ ಮಗು ತಾನೇ ಬಿಚ್ಚಿಕೊಳ್ಳಬಲ್ಲುದೇ? ಮಳೆಗಾಲಕ್ಕೆ ಮೊದಲು ಅಷ್ಟನ್ನು ಕಲಿಸಿಬಿಡಿ.