ಕಣ್ಣೆದುರಿನ ಅದ್ಭುತ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಗಳನ್ನು ಒಂದೊಂದಾಗಿ ವಿವರಿಸುತ್ತ ಅದ್ಭುತದ ಪ್ರಸ್ತಾಪಕ್ಕೆ ಬಂದಾಗ, ಅದಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ಹೇಳಿ, ಆ ವಿಸ್ಮಯವನ್ನು ಎಬ್ಬಿಸುವ ಕಾರಣಗಳನ್ನು ಎಣಿಸುತ್ತಾನೆ. ದಿವ್ಯಪುರುಷರ ದರ್ಶನ, ಬಹುಕಾಲದ ಮನೋರಥದ ಈಡೇರಿಕೆ, ಮಾಯೆ, ಇಂದ್ರಜಾಲ ಇವೆಲ್ಲ ಆ ಪಟ್ಟಿಯಲ್ಲಿರುವುದು ಸಹಜವೇ ಸರಿ. ಆದರೆ ಇವುಗಳ ನಡುವೆಯೇ, ಯಾವ ಆಡಂಬರವೂ ಇಲ್ಲದೆ, ಉಪವನಕ್ಕೆ ಹೋಗುವುದು, ದೇವಾಲಯಕ್ಕೆ ಹೋಗುವುದು ಎಂಬ ಎರಡು ಸಾಮಾನ್ಯ ಸಂಗತಿಗಳೂ ಸೇರಿಕೊಂಡಿವೆ. ಇಂದ್ರಜಾಲಕ್ಕೂ ಊರಾಚೆಯ ತೋಟಕ್ಕೂ ಒಂದೇ ಪಂಕ್ತಿಯಲ್ಲಿ ಮಣೆ ಹಾಕಿದ ಆ ಋಷಿಯ ಔದಾರ್ಯವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ವಿಸ್ಮಯವು ವಸ್ತುವಿನ ಅಪೂರ್ವತೆಗಿಂತ ಹೆಚ್ಚಾಗಿ ಅದರ ಮುಂದೆ ನಾವು ನಿಲ್ಲುವ ರೀತಿಯನ್ನು ಅವಲಂಬಿಸಿದೆ. ನಿಲ್ಲುವುದಾದರೋ ನಮ್ಮ ಇಚ್ಛೆಗೆ ಸೇರಿದ್ದು.

ಮಾಗಿಯ ಒಂದು ಮುಂಜಾನೆಯನ್ನು ತೆಗೆದುಕೊಳ್ಳೋಣ. ರಾಗಿಯ ಕೊಯ್ಲು ಮುಗಿದ ಹೊಲದ ಬದುವಿನ ಮೇಲೆ, ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿರುವ ಹೊತ್ತಿನಲ್ಲಿ, ಆಗತಾನೆ ಮೇಲೆದ್ದ ಸೂರ್ಯನಿಗೆ ಬೆನ್ನುಮಾಡಿ ನಡೆಯುವವನು ತನ್ನ ಉದ್ದನೆಯ ನೆರಳನ್ನು ಒಮ್ಮೆ ನಿಂತು ನೋಡಿದನೆಂದರೆ, ತಲೆಯ ನೆರಳಿನ ಸುತ್ತ ಬೆಳ್ಳನೆಯ ಒಂದು ಪ್ರಭೆ, ದೇವರ ವಿಗ್ರಹದ ಹಿಂದಣ ಪ್ರಭಾವಳಿಯೋ ಎಂಬಂತೆ, ಹುಲ್ಲಿನ ಮೇಲೆ ಮೂಡಿರುವುದನ್ನು ಕಾಣುತ್ತಾನೆ. ಆತ ನಡೆದರೆ ಅದೂ ನಡೆಯುತ್ತದೆ. ಪಕ್ಕದಲ್ಲಿ ಜೊತೆಗಾರನಿದ್ದರೆ, ಅವನ ನೆರಳಿನ ತಲೆಗೆ ಈ ಪ್ರಭೆಯಿಲ್ಲ. ‘ನಿನಗಿಲ್ಲವಲ್ಲ’ ಎಂದು ಅವನಿಗೆ ಹೇಳಿದರೆ, ‘ನನಗಿದೆ, ನಿನಗೇ ಇಲ್ಲ’ ಎಂದು ಅವನು ತಿರುಗಿ ಹೇಳುತ್ತಾನೆ. ಇಬ್ಬರ ಮಾತೂ ಸತ್ಯ! ಹದಿನಾರನೆಯ ಶತಮಾನದ ಇಟಲಿಯ ಶಿಲ್ಪಿಯೂ ಅಕ್ಕಸಾಲಿಗನೂ ಆಗಿದ್ದ ಬೆನ್ವೆನೂಟೊ ಚೆಲ್ಲೀನಿ ತನ್ನ ಆತ್ಮಕಥೆಯಲ್ಲಿ ಈ ಪ್ರಭೆಯನ್ನು ಬಣ್ಣಿಸಿದ್ದಾನೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಅದು ಚೆನ್ನಾಗಿ ಕಾಣುವುದೆಂಬುದನ್ನೂ ಗುರುತಿಸಿದ್ದಾನೆ. ಆದರೆ ಅದು ದೈವಕೃಪೆಯಿಂದ ತನಗೆ ದೊರೆತ ವಿಶೇಷಚಿಹ್ನೆಯೆಂದೇ ಭಾವಿಸಿದ್ದನು.

ಕಾರಣವು ಇಷ್ಟು. ಹುಲ್ಲಿನೆಸಳಿನ ಮೇಲೆ ನಿಂತ ದುಂಡನೆಯ ಹನಿಯೊಂದೊಂದೂ ಮಸೂರದಂತೆ ವರ್ತಿಸಿ ಬಿಸಿಲನ್ನು ತನ್ನ ಹಿಂದಿನ ಎಲೆಯ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ಆ ಚುಕ್ಕೆಯಿಂದ ಹೊರಟ ಬೆಳಕು ಅದೇ ಹನಿಯ ಮೂಲಕ, ಬಂದ ದಾರಿಯಲ್ಲಿಯೇ ಸೂರ್ಯನ ಕಡೆಗೆ ಹಿಂದಿರುಗುತ್ತದೆ. ಹಾಗೆ ಹಿಂದಿರುಗುವ ಬೆಳಕಿನ ದಾರಿಯಲ್ಲಿ ಇರುವುದು ನೋಡುವವನ ಕಣ್ಣು. ಆದಕಾರಣ ಪ್ರಭೆಯು ಅವನ ತಲೆಯ ನೆರಳಿನ ಸುತ್ತಲೇ, ಅವನೊಬ್ಬನಿಗೇ ಕಾಣುತ್ತದೆ. ಈ ವಿವರಣೆಯಿಂದ ಚೆಲ್ಲೀನಿಯ ಹೆಮ್ಮೆಗೆ ಆಧಾರವಿಲ್ಲದಂತಾಯಿತು, ನಿಜ. ಆದರೆ ಹಾಲು ಕೊಡಲು ಹೊರಟ ಹುಡುಗನಿಗೂ, ಹುಲ್ಲು ಕೊಯ್ಯಲು ಬಂದ ಮುದುಕಿಗೂ, ಬೆಳಗಾದರೆ ಒಂದೊಂದು ಪ್ರಭಾವಳಿ ಕಾದಿರುತ್ತದೆ ಎಂಬ ಸತ್ಯವು ಒಬ್ಬ ಶಿಲ್ಪಿಗೆ ದೊರೆತ ವರಕ್ಕಿಂತ ಎಷ್ಟು ದೊಡ್ಡದು!

ವಿವರಣೆಯು ವಿಸ್ಮಯವನ್ನು ಕೊಲ್ಲುವುದೆಂಬ ಮಾತು ಬಹಳ ಹಳೆಯದು. ಬಲ್ಲವರ ಬಾಯಲ್ಲಿಯೂ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ. ನಮ್ಮ ಮಕ್ಕಳು ಪಠ್ಯಪುಸ್ತಕದ ಹಾಳೆಗಳ ನಡುವೆ ನವಿಲುಗರಿಯನ್ನಿಟ್ಟು, ಅದು ಮರಿ ಹಾಕುವುದೆಂದು ನಂಬಿ, ದಿನಕ್ಕೆ ಹತ್ತು ಸಲ ಪುಟ ತೆರೆದು ನೋಡುವುದನ್ನು ಅರಿಯದವರಾರು? ಆ ಗರಿಯ ನೀಲಿಯು ಬಟ್ಟೆಗೆ ಹಚ್ಚಿದ ನೀಲಿಯಂತಹ ಬಣ್ಣವಲ್ಲ. ಗರಿಯಲ್ಲಿರುವ ವರ್ಣದ್ರವ್ಯವು ಕಂದುಗಪ್ಪಿನದು; ಅದರ ಸೂಕ್ಷ್ಮವಾದ ಕಡ್ಡಿಗಳು ಗರಿಯ ಎಳೆಯೊಳಗೆ ಕ್ರಮಬದ್ಧವಾಗಿ, ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಬಹುದಾದ ಅಂತರದಲ್ಲಿ ಜೋಡಣೆಗೊಂಡಿರುವುದರಿಂದ, ಮರಳಿ ಬರುವ ಅಲೆಗಳು ಕೆಲವೆಡೆ ಒಂದನ್ನೊಂದು ಬಲಪಡಿಸಿ ನೀಲಿಯಾಗಿ, ಅಂತರ ಕೊಂಚ ಬೇರೆಯಾದೆಡೆ ಹಸುರಾಗಿ ಕಾಣುತ್ತವೆ. ಗರಿಯನ್ನು ನುಣ್ಣಗೆ ಅರೆದುಬಿಟ್ಟರೆ ಜೋಡಣೆ ಕೆಟ್ಟು ಆ ನೀಲಿಯೂ ಹೋಗುತ್ತದೆ. ನೀರಿನಲ್ಲಿ ನೆನೆಸಿದರೆ ಅದರ ಬಣ್ಣ ಮಾಯವಾಗುವುದನ್ನು ರಾಬರ್ಟ್ ಹುಕ್ 1665ರಷ್ಟು ಹಿಂದೆಯೇ ತನ್ನ ‘ಮೈಕ್ರೋಗ್ರಾಫಿಯಾ’ದಲ್ಲಿ ಬರೆದಿಟ್ಟನು. ಗರಿ ಮರಿ ಹಾಕುವುದಿಲ್ಲವೆಂದು ಮಗುವಿಗೆ ಎಂದಾದರೊಂದು ದಿನ ತಿಳಿಯಲೇಬೇಕು. ಅಂದೇ ಈ ಮಾತನ್ನೂ ಹೇಳುವವರೊಬ್ಬರು ಬಳಿಯಿದ್ದರೆ, ಅದರ ಕೈಯಿಂದ ಒಂದು ಮಾಯೆ ಜಾರಿಹೋದ ಗಳಿಗೆಯಲ್ಲಿಯೇ ಮತ್ತೊಂದು ಬಂದು ಸೇರುತ್ತದೆ. ಈ ಎರಡನೆಯದು ವಯಸ್ಸಾದಂತೆ ಬಿಟ್ಟುಹೋಗುವಂಥದಲ್ಲ.

ಈ ಬಗೆಯ ನೋಟವನ್ನು ಬಾಳಿನ ಉದ್ದಕ್ಕೂ ಉಳಿಸಿಕೊಂಡವರಲ್ಲಿ ಸರ್ ಸಿ. ವಿ. ರಾಮನ್ ಅವರಿಗಿಂತ ಉತ್ತಮವಾದ ನಿದರ್ಶನವು ನನಗೆ ಹೊಳೆಯದು. 1921ರಲ್ಲಿ ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯು ಅವರ ಗಮನವನ್ನು ಸೆರೆಹಿಡಿಯಿತು. ಆ ದಾರಿಯಾಗಿ ಅದೆಷ್ಟು ಸಾವಿರ ಪ್ರಯಾಣಿಕರು ಅದನ್ನು ಕಂಡು, ಚೆಲುವೆಂದು ಕೊಂಡಾಡಿ, ಊಟದ ಕೋಣೆಗೆ ಹೋಗಿದ್ದರೋ! ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವಲ್ಲದೆ ಬೇರೇನೂ ಅಲ್ಲವೆಂದು ಲಾರ್ಡ್ ರೇಲಿಯಂತಹ ಮಹಾವಿಜ್ಞಾನಿಯೇ ಹೇಳಿದ್ದರಿಂದ ಮುಂದೆ ಕೇಳತಕ್ಕದ್ದೂ ಉಳಿದಿರಲಿಲ್ಲ. ರಾಮನ್ನರಾದರೋ ತಮ್ಮೊಡನಿದ್ದ ಪುಟ್ಟ ನಿಕಲ್ ಅಶ್ರಗವನ್ನು ಕಣ್ಣಿಗೆ ಹಿಡಿದು, ತಕ್ಕ ಕೋನದಲ್ಲಿ ತಿರುಗಿಸಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಮತ್ತಷ್ಟು ಗಾಢವಾಯಿತು. ಹಾಗಿದ್ದರೆ ಅದು ನೀರಿನೊಳಗಿನಿಂದಲೇ, ನೀರಿನ ಅಣುಗಳು ಬೆಳಕನ್ನು ಚದರಿಸುವುದರಿಂದಲೇ ಬರುತ್ತಿರಬೇಕೆಂದು ಅವರು ತರ್ಕಿಸಿದರು. ಆ ನೀಲಿಯಲ್ಲಿ, ಕೆಂಪನ್ನು ಹೀರಿಕೊಳ್ಳುವ ನೀರಿನ ಗುಣದ ಪಾಲೂ ದೊಡ್ಡದು. ಆದರೆ ಅಂದು ಹಡಗಿನ ಮೇಲೆ ಎದ್ದ ಪ್ರಶ್ನೆಯು ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಬೆಳೆದು, 1928ರ ಫೆಬ್ರವರಿ 28ರಂದು ಅವರ ಹೆಸರನ್ನೇ ಹೊತ್ತ ಪರಿಣಾಮದ ದರ್ಶನಕ್ಕೂ, 1930ರ ನೊಬೆಲ್ ಪಾರಿತೋಷಕಕ್ಕೂ ಕಾರಣವಾಯಿತು.

ಪಾರಿತೋಷಕವು ಬಂದ ಮೇಲೆ ಅವರ ಕಣ್ಣು ಹೇಗೆ ನಡೆದುಕೊಂಡಿತೆಂಬುದೇ ನನಗೆ ಇನ್ನೂ ಪ್ರಿಯವಾದ ಭಾಗ. 1933ರಲ್ಲಿ ಬೆಂಗಳೂರಿಗೆ ಬಂದು, ಮುಂದೆ 1948ರಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ಕಟ್ಟಿದ ಆ ಹಿರಿಯರು ಚಿಪ್ಪುಗಳ ಒಳಮೈಯ ಹೊಳಪನ್ನೂ, ಮುತ್ತಿನ ಕಾಂತಿಯನ್ನೂ, ಹಕ್ಕಿಯ ಗರಿಗಳನ್ನೂ, ಕಡೆಯ ವರ್ಷಗಳಲ್ಲಿ ತೋಟದ ಹೂಗಳ ಬಣ್ಣಗಳನ್ನೂ ಕುರಿತು ಪರೀಕ್ಷೆ ನಡೆಸಿದರು. 1968ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅಹಮದಾಬಾದಿನ ಸಭೆಯೊಂದರಲ್ಲಿ ಅವರು ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ, ಆಕಾಶವು ನೀಲಿಯಾಗಿರುವುದೇಕೆ ಎಂಬುದು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ನಸುಕಿನಲ್ಲೆದ್ದು ನೀರು ಹೊರುವವಳಿಗೆ, ಬಿಸಿಲಲ್ಲಿ ಕಲ್ಲು ಒಡೆಯುವವನಿಗೆ, ಇಬ್ಬನಿಯನ್ನು ನೋಡುತ್ತ ನಿಲ್ಲುವ ಬಿಡುವು ಎಲ್ಲಿಂದ ಬರಬೇಕು? ಈ ಪ್ರಶ್ನೆಯಲ್ಲಿ ನೋವಿದೆ. ಅದನ್ನು ಸವಿಮಾತಿನಿಂದ ಮರೆಸುವುದು ತರವಲ್ಲ. ಹಸಿದವನಿಗೆ ಮೊದಲು ಬೇಕಾದದ್ದು ಅನ್ನ. ಆದರೆ ವಿಸ್ಮಯವು ಬಿಡುವುಳ್ಳವರ ಸೊತ್ತೆಂದು ಭಾವಿಸುವುದೂ ದುಡಿಯುವವರಿಗೆ ನಾವು ಮಾಡುವ ಅಗೌರವವೇ. ಮೃದಂಗವನ್ನು ಕಟ್ಟುವವರ ಕೈಕೆಲಸವನ್ನು ನೋಡಿದವರಿಗೆ ಇದು ಗೊತ್ತು. ಕಬ್ಬಿಣದ ಅಂಶವುಳ್ಳ ಕರಿಯ ಕಲ್ಲಿನ ಪುಡಿಯನ್ನು ಅನ್ನದೊಡನೆ ಮಿದ್ದು, ಬಲ ಮುಚ್ಚಿಗೆಯ ನಡುವೆ ತೆಳ್ಳಗೆ ಸವರಿ, ನುಣುಪಾದ ಕಲ್ಲಿನಿಂದ ಉಜ್ಜಿ, ಆರಿದ ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು ಎಂದು ಕರಣೆಯನ್ನು ಬೆಳೆಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ, ತಲೆ ಬಾಗಿಸಿ ಕಿವಿಗೊಡುವ ಆ ಕುಶಲಿಯು ಪದರ ಪದರಕ್ಕೂ ನಾದವು ಬದಲಾಗುವುದನ್ನು ಕೇಳುತ್ತಿರುತ್ತಾನೆ. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಹೊರಡುವ ಮೇಲುಸ್ವರಗಳು ಮೂಲಸ್ವರದೊಡನೆ ಹೊಂದಿಕೊಳ್ಳುವುದಿಲ್ಲ. ನಡುವಿನ ಆ ಕಪ್ಪು ಬಿಲ್ಲೆಯ ಭಾರದಿಂದಾಗಿ ಅವು ಮೂಲಸ್ವರದ ಎರಡು, ಮೂರು, ನಾಲ್ಕು, ಐದರಷ್ಟಾಗಿ, ತಂತಿವಾದ್ಯದಲ್ಲಿ ಆಗುವಂತೆ, ಕ್ರಮಕ್ಕೆ ಬರುತ್ತವೆ. ಇದನ್ನು ಪ್ರಯೋಗದಿಂದ ತೋರಿಸಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವರೂ ರಾಮನ್ನರೇ. ಆದರೆ ಅದಕ್ಕೆ ಶತಮಾನಗಳ ಮುಂಚೆಯೇ, ಹೆಸರು ಉಳಿಯದ ಯಾರೋ ದುಡಿಮೆಗಾರರು, ಕೆಲಸದ ನಡುವೆಯೇ ಕೇಳಿ, ಬೆರಗುಗೊಂಡು, ಮತ್ತೆ ಹಚ್ಚಿ, ಮತ್ತೆ ಕೇಳಿ ಅದನ್ನು ಸಾಧಿಸಿದ್ದರು. ಬಿಡುವು ಅವರಿಗೂ ಇರಲಿಲ್ಲ.

ನಮ್ಮ ಕಣ್ಣಿಗೆ ಒಂದು ಅಭ್ಯಾಸವುಂಟು: ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ನೋಡಿ, ಉಳಿದುದನ್ನು ಬಿಟ್ಟುಬಿಡುವುದು. ಇದು ದೋಷವಲ್ಲ, ಹಾಗಿಲ್ಲದಿದ್ದರೆ ಸಂತೆಯ ಬೀದಿಯನ್ನು ದಾಟುವುದೇ ಕಷ್ಟವಾಗುತ್ತಿತ್ತು. ಮಕ್ಕಳಲ್ಲಿ ಈ ಅಭ್ಯಾಸವಿನ್ನೂ ಗಟ್ಟಿಯಾಗಿರುವುದಿಲ್ಲ. ಆದುದರಿಂದಲೇ ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ, ನಾವು ‘ಸುಮ್ಮನಿರು’ ಎನ್ನುತ್ತೇವೆ. ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದು, ಕನ್ನಡದ ಮಕ್ಕಳ ಇಂತಹ ಪ್ರಶ್ನೆಗಳಿಗೆ ಕೊಟ್ಟ ಗೌರವವನ್ನು ನಾವು ಮನೆಯಲ್ಲಿಯಾದರೂ ಕೊಡಬೇಡವೆ?

ಅದಕ್ಕೆ ದೊಡ್ಡ ಸಾಮಗ್ರಿಯೇನೂ ಬೇಕಾಗಿಲ್ಲ. ಪತ್ರೊಡೆಗೆಂದು ಕೆಸುವಿನ ಎಲೆಯನ್ನು ತಂದ ದಿನ, ಒಂದನ್ನು ಮಗುವಿನ ಕೈಗೆ ಕೊಟ್ಟು, ಮೇಲೊಂದು ಚಮಚ ನೀರು ಹಾಕಿ ಅಲ್ಲಾಡಿಸಲು ಹೇಳಬಹುದು. ನೀರು ಎಲೆಗೆ ಅಂಟದೆ, ಪಾದರಸದಂತೆ ಮುದ್ದೆಯಾಗಿ, ಬೆಳ್ಳಿಯ ಹೊಳಪಿನಿಂದ ಅತ್ತಿಂದಿತ್ತ ಉರುಳುತ್ತದೆ. ಎಲೆಯ ಮೇಲ್ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿಂದ ತುಂಬಿ, ಆ ಉಬ್ಬುಗಳಿಗೆ ಮೇಣದ ಲೇಪವಿರುವುದರಿಂದ, ಹನಿಯು ಅವುಗಳ ತುದಿಗಳ ಮೇಲೆ ಮಾತ್ರ ಕುಳಿತಿರುತ್ತದೆ, ಕೆಳಗೆಲ್ಲ ಗಾಳಿ. ಬೆಳ್ಳಿಯಂತೆ ಹೊಳೆಯುವುದು ಆ ಗಾಳಿಯ ಪದರವೇ. ಇಷ್ಟನ್ನು ಹೇಳಿ, ಆಮೇಲೆ ನೀರಿಗೆ ಕೊಂಚ ಸಾಬೂನು ಕದಡಿ ಇನ್ನೊಂದು ಎಲೆಯ ಮೇಲೆ ಹಾಕಿಸಿ ನೋಡಿ. ಈ ಸಲ ಹನಿಯು ಮೊದಲಿನಂತೆ ಉರುಳದೆ, ಚಪ್ಪಟೆಯಾಗಿ ಹರಡಿ ಎಲೆಯನ್ನು ತೋಯಿಸುತ್ತದೆ. ಏಕೆಂದು ಮಗು ಕೇಳಿಯೇ ಕೇಳುತ್ತದೆ. ಉತ್ತರವನ್ನು ಕೂಡಲೇ ಹೇಳದೆ, ಅದು ಉಪ್ಪುನೀರನ್ನೂ, ಹಾಲನ್ನೂ, ಎಣ್ಣೆಯನ್ನೂ ಒಂದೊಂದಾಗಿ ತಂದು ಹಾಕಿ ನೋಡುವವರೆಗೆ ಅಡಿಗೆಮನೆಯಲ್ಲಿ ಸ್ವಲ್ಪ ಜಾಗ ಬಿಟ್ಟುಕೊಡಿ.